ಎರಡನೇ ಮತ್ತು ನಾಲ್ಕನೇ ಶನಿವಾರ

ಆ ಮಧ್ಯಾಹ್ನ ಅಂಗಡಿಯ ಮುಂದೆ ನಿಂತು ಅವಳು ನನಗೆ ಆ ವಿಷಯ ಹೇಳಿದ್ದಳೋ ಇಲ್ಲವೋ, ಇವತ್ತಿಗೂ ನನಗೆ ಖಚಿತವಿಲ್ಲ. ಅವಳು ಎಂದರೆ ನನ್ನ ಮಗಳ ತಾಯಿ. ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆಯಾಗಿ ಕೆಲವು ವರ್ಷಗಳಾದವು. "ಹೇಳಿದ್ದೆ, ನೀನು ಹೂಂ ಅಂದೆ" ಎನ್ನುತ್ತಾಳೆ. ಆ ಮಧ್ಯಾಹ್ನವೇನೋ ನನ್ನ ನೆನಪಿನಲ್ಲಿದೆ. ದೇವರಾಜ ಮೊಹಲ್ಲಾದಲ್ಲಿರುವ ಅವಳ ತಂದೆಯ ಪಾತ್ರೆ ಅಂಗಡಿ, ಬಾಗಿಲಿಗೆ ನೇತುಹಾಕಿದ ಸೌಟುಗಳ ಗೊಂಚಲು, ಹಿಮ್ಮುಖವಾಗಿ ಬರುತ್ತಿದ್ದ ಒಂದು ಟೆಂಪೊದ ಕೀರಲು ಸದ್ದು. "ಈ ಶನಿವಾರ ಆಗಲ್ಲ, ಮನೇಲಿ ಕಾರ್ಯ ಇದೆ" ಎಂಬಷ್ಟು ಕೇಳಿಸಿದೆ. ಅದರ ಮುಂದೆ ಇನ್ನೊಂದು ವಾಕ್ಯವಿತ್ತೇ? ಇದ್ದಿದ್ದರೆ ನಾನು ಹೂಂ ಎಂದೆನೇ?

ವಿಶ್ವವಿದ್ಯಾನಿಲಯದಲ್ಲಿ ನಾನು ಓದಿದ್ದು ಮನಃಶಾಸ್ತ್ರ. ಮನುಷ್ಯ ನೆನಪನ್ನು ಕೇಳಿದಾಗಲೆಲ್ಲ ಹೊಸದಾಗಿ ಕಟ್ಟುತ್ತಾನೆ, ಕಟ್ಟುವಾಗ ಕೈಗೆ ಸಿಕ್ಕ ಇಟ್ಟಿಗೆಯನ್ನೆಲ್ಲ ಬಳಸುತ್ತಾನೆ ಎಂದು ಉತ್ತರಪತ್ರಿಕೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು. ಹಾಗಾಗಿ ಆ ಟೆಂಪೊ ಸದ್ದು ಕೂಡ ಆಮೇಲೆ ನಾನೇ ಸೇರಿಸಿಕೊಂಡದ್ದಿರಬಹುದು. ಹೊಟ್ಟೆಪಾಡೂ ಅನುಮಾನದ್ದೇ. ಸಮೀಕ್ಷೆ ನಡೆಸುವ ಒಂದು ಸಣ್ಣ ಸಂಸ್ಥೆಯಲ್ಲಿ ಮರುಪರಿಶೀಲನೆ ನನ್ನ ಕೆಲಸ. ಬೇರೆಯವರು ಮನೆಮನೆಗೆ ಹೋಗಿ ಬರೆದು ತಂದ ಉತ್ತರಗಳಲ್ಲಿ ಕೆಲವನ್ನು ಆರಿಸಿಕೊಂಡು, ಅದೇ ಮನೆಯ ಬಾಗಿಲು ತಟ್ಟಿ, ಅದೇ ಪ್ರಶ್ನೆ ಮತ್ತೆ ಕೇಳಿ, ನಿಜವಾಗಿ ಹೋಗಿದ್ದರೋ ಯಾವುದೋ ಮರದ ಕೆಳಗೆ ಕೂತು ತುಂಬಿಸಿದರೋ ಎಂದು ಕಂಡುಹಿಡಿಯಬೇಕು. ಇಂಥ ಕೆಲಸ ಮಾಡುವವನು ಮನೆಗೆ ಬಂದ ಮೇಲೆ ನಂಬಿಕೆಯ ಮನುಷ್ಯನಾಗುವುದು ಕಷ್ಟ.

ವಿಚ್ಛೇದನದ ತೀರ್ಪಿನಲ್ಲಿ ನನ್ನ ಪಾಲಿಗೆ ಬಂದದ್ದು ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ಮಗಳನ್ನು ಅಂಗಡಿಯ ಮುಂದಿನಿಂದ ಕರೆದೊಯ್ದು ಅಲ್ಲಿಗೇ ತಂದು ಬಿಡಬೇಕು. ಅವಳೂ ಅವಳ ತಾಯಿಯೂ ಅಂಗಡಿಯ ಮೇಲಿನ ಮನೆಯಲ್ಲಿ ಅಜ್ಜನೊಂದಿಗೆ ಇರುತ್ತಾರೆ. ನಾನು ನನ್ನ ತಾಯಿಯೊಂದಿಗೆ ರಾಜೀವನಗರದಲ್ಲಿ. ಮೊದಲ ವರ್ಷ ಎಲ್ಲ ಸರಿಯಾಗಿತ್ತು. ಒಂಬತ್ತಕ್ಕೆ ಸ್ಕೂಟರು ನಿಲ್ಲಿಸುವ ಹೊತ್ತಿಗೆ ಮಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಆಮೇಲೆ ಶುರುವಾಯಿತು ತಡ. ನಾನು ಒಂಬತ್ತಕ್ಕೆ ಹೋದರೆ ಅವಳು ಇಳಿದು ಬರುವುದು ಹತ್ತೂವರೆಗೆ. ಅಜ್ಜ ಗಲ್ಲಾದ ಹಿಂದಿನಿಂದ "ಬತ್ತಾಳೆ ಕೂತ್ಕಳಿ" ಎಂದು ಒಂದು ಸ್ಟೂಲು ತೋರಿಸಿ ಗಿರಾಕಿಯ ಕಡೆ ತಿರುಗುತ್ತಿದ್ದರು. ನಾನು ಕುಕ್ಕರುಗಳ ನಡುವೆ ಕೂತು ಮೇಲಿನ ಮನೆಯ ಸದ್ದಿಗೆ ಕಿವಿ ಕೊಡುತ್ತಿದ್ದೆ. ಸಂಜೆಯೂ ಅಷ್ಟೆ. ಐದಾಗುತ್ತಿದ್ದಂತೆ ಮಗಳ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. "ಅಪ್ಪ, ಹೊರಡೋಣ್ವಾ? ಟ್ರಾಫಿಕ್ ಇರತ್ತೆ." ಹತ್ತು ವರ್ಷದ ಮಕ್ಕಳು ಟ್ರಾಫಿಕ್ಕಿನ ಬಗ್ಗೆ ಚಿಂತೆ ಮಾಡುವುದಿಲ್ಲ. ಅದು ದೊಡ್ಡವರು ಹೇಳಿಕೊಟ್ಟ ವಾಕ್ಯ ಎಂದು ನನಗೆ ಅನ್ನಿಸಿತು.

ನನ್ನ ತಾಯಿಯ ದೂರು ಬೇರೆ. ಅವರು ಬೆಳಗ್ಗೆಯೇ ಎದ್ದು ಮೊಮ್ಮಗಳಿಗೆಂದು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಅವಳು ಬಂದವಳೇ "ತಿಂದ್ಕೊಂಡ್ ಬಂದೆ ಅಜ್ಜಿ" ಎನ್ನುತ್ತಿದ್ದಳು.

"ಅಲ್ಲ ಕಣೋ, ಮೊಗ ಅಲ್ಲಿ ಒಟ್ಟೆ ತುಂಬಿಸ್ಕಂಡೇ ಬತ್ತದೆ. ನನ್ ರೊಟ್ಟಿ ಏನ್ ಇಸವಾ?"

"ಅಲ್ಲಿ ತಿನ್ನಿಸಿ ಕಳಿಸ್ತಾರಮ್ಮ. ಬೇಕಂತಲೇ."

"ಬೇಕಂತ್ಲೋ ಬೇಡಂತ್ಲೋ. ನೀನೇ ಕೇಳ್ಬುಡು ಒಂದ್ಸಾರಿ ಬಾಯ್ಬುಟ್ಟು."

ನಾನು ಕೇಳಲಿಲ್ಲ. ಕೇಳಿದರೆ ಹೇಳಿಕೊಟ್ಟ ಉತ್ತರವೇ ಬರುತ್ತದೆ ಎಂಬುದು ನನ್ನ ವಾದ. ಬದಲಿಗೆ ಗಮನಿಸತೊಡಗಿದೆ. ಹಾಗೆ ಗಮನಿಸುವಾಗ ಕಂಡದ್ದು ಆ ಲೋಟ.

ಮಗಳ ಬ್ಯಾಗಿನಲ್ಲಿ ಪ್ರತಿ ಸಲ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಬಟ್ಟೆಯಲ್ಲಿ ಸುತ್ತಿಟ್ಟದ್ದು. ನೀರು ಬೇಕೆಂದಾಗ ಅದನ್ನೇ ತೆಗೆದು, ಕುಡಿದು, ತಾನೇ ತೊಳೆದು, ಒರೆಸಿ, ಮತ್ತೆ ಸುತ್ತಿಡುತ್ತಿದ್ದಳು. ನಮ್ಮ ಮನೆಯಲ್ಲಿ ಲೋಟಕ್ಕೆ ಬರವಿಲ್ಲ. ನಮ್ಮದು ಕೋಳಿ, ಮರಿ ಬೇಯುವ ಮನೆ. ಅವರದು ಲಿಂಗ ಕಟ್ಟಿದವರ ಮನೆ. ಮದುವೆಯ ಕಾಲದಲ್ಲಿ ಎರಡೂ ಕಡೆ ಆ ಮಾತು ಎದ್ದು, ತಣ್ಣಗಾಗಿತ್ತು. ಈಗ ಪಾತ್ರೆ ಅಂಗಡಿಯ ಅಜ್ಜ ತಮ್ಮ ಅಂಗಡಿಯ ಲೋಟ ಕೊಟ್ಟು, ಅಪ್ಪನ ಮನೆಯದರಲ್ಲಿ ಕುಡಿಯಬೇಡ ಎಂದು ಹೇಳಿ ಕಳಿಸುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ. ಅದನ್ನು ತಾಯಿಗೆ ಹೇಳಲಿಲ್ಲ. ಅವರಿಗೆ ನೋವಾಗುತ್ತದೆ ಎಂದುಕೊಂಡೆ. ಅವರು ಆ ದಿನಗಳಲ್ಲಿ ಬೇರೇನೋ ಗೊಣಗುತ್ತಿದ್ದರು, ಪಾತ್ರೆ ಬುಟ್ಟಿಯಲ್ಲಿ ಏನೋ ಕಮ್ಮಿಯಿದೆ, ಕೆಲಸದವಳನ್ನು ಕೇಳಬೇಕು ಎಂದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ವರ್ಷ ಶಾಲೆ ಶನಿವಾರವೂ ಮಧ್ಯಾಹ್ನದವರೆಗೆ ತರಗತಿ ಶುರುಮಾಡಿತು. ನನ್ನ ಶನಿವಾರ ಇದ್ದಕ್ಕಿದ್ದಂತೆ ಅರ್ಧವಾಯಿತು. ಊಟ ಮುಗಿಸಿ ಕೂರುವಷ್ಟರಲ್ಲಿ ಐದು ಗಂಟೆ, ಗಡಿಯಾರ, ಟ್ರಾಫಿಕ್ಕು. ಒಂದು ದಿನ ಅಂಗಡಿಯ ಮುಂದೆ ಇಳಿಸಿದಾಗ ಮಗಳು "ಬೈ ಅಂಕಲ್" ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡು, "ಅಪ್ಪ" ಎಂದು ನಕ್ಕಳು. ಅಭ್ಯಾಸಬಲ, ಆಟೋದವರಿಗೆ ಹಾಗನ್ನುತ್ತಾಳೆ. ಆದರೂ ಆ ವಾರವೇ ನಾನು ಅರ್ಜಿ ಬರೆಯಲು ಕೂತೆ. ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮಗಳು ನನ್ನ ಮನೆಯಲ್ಲಿರಬೇಕು, ಒಂದು ರಾತ್ರಿ ಸೇರಿ. ಇಷ್ಟು ಸಿಗದಿದ್ದರೆ ಇನ್ನೆರಡು ವರ್ಷದಲ್ಲಿ ನಾನು ನಿಜಕ್ಕೂ ಅಂಕಲ್ ಆಗಿಬಿಡುತ್ತೇನೆ ಎಂಬುದು ನನಗೆ ಸ್ಪಷ್ಟವಾಗಿತ್ತು.

ವಕೀಲರನ್ನು ಹಿಡಿಯದಿರಲು ಕಾರಣ ಜಂಬವಲ್ಲ, ಅನುಮಾನ. ವಿಚ್ಛೇದನದ ಕಾಲದಲ್ಲಿ ನನ್ನ ವಕೀಲರೂ ಅವಳ ವಕೀಲರೂ ಕ್ಯಾಂಟೀನಿನಲ್ಲಿ ಒಂದೇ ದೋಸೆ ಹಂಚಿಕೊಳ್ಳುತ್ತಿದ್ದುದನ್ನು ಕಂಡಿದ್ದೆ. ಅದರಲ್ಲಿ ತಪ್ಪೇನೂ ಇಲ್ಲ, ದೋಸೆ ದೊಡ್ಡದಿತ್ತು. ಆದರೂ ಮನಸ್ಸಿನಲ್ಲಿ ಉಳಿದಿತ್ತು. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಪಕ್ಷಕಾರರ ಹಕ್ಕಲ್ಲ, ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು ಎಂದು ಕಾಯ್ದೆಯಲ್ಲೇ ಓದಿದೆ. ತೀರ್ಪಾದ ಮೇಲೂ ಮಕ್ಕಳ ವಿಷಯದ ಆದೇಶವನ್ನು ಬದಲಿಸಲು ಹಿಂದೂ ವಿವಾಹ ಕಾಯ್ದೆಯ ಇಪ್ಪತ್ತಾರನೇ ಕಲಮಿನಲ್ಲಿ ಅವಕಾಶವಿದೆ. ಹಳೆಯ ತೀರ್ಪಿನ ದೃಢೀಕೃತ ನಕಲು, ಅರ್ಜಿ, ಅದರ ಜೊತೆ ಅಫಿಡವಿಟ್, ಎದುರು ಪಕ್ಷಕ್ಕೊಂದು ಪ್ರತಿ, ನೋಟಿಸಿನ ಶುಲ್ಕ. ಕಷ್ಟವಿಲ್ಲ ಅನ್ನಿಸಿತು.

ಅರ್ಜಿಗೆ ಬೇಕಿದ್ದದ್ದು ಒಂದು ಪುಟ. ಶಾಲೆ ಶನಿವಾರ ತರಗತಿ ಇಟ್ಟಿದೆ, ಆದ್ದರಿಂದ ಸಮಯ ಬದಲಿಸಿ, ಅಷ್ಟೆ. ನಾನು ಬರೆದದ್ದು ಒಂಬತ್ತು ಪುಟ. ಉದ್ದೇಶಪೂರ್ವಕ ವಿಳಂಬ ಒಂದು ಪ್ಯಾರಾ. ಊಟದ ವಿಷಯದಲ್ಲಿ ಪಿತೂರಿ ಒಂದು. ಲೋಟದ ಅವಮಾನ ಒಂದು. ಇವೆಲ್ಲಕ್ಕೂ ಮೇಲೆ ನನ್ನ ಆವಿಷ್ಕಾರದ ಪ್ಯಾರಾ. ಒಂದು ದಿನ ಹೋಟೆಲಿನ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಾಗ ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ ಎಂದು ಕಂಡಿತು. ಮಗಳು ಇಳಿದು ಬರುತ್ತಿದ್ದದ್ದು ಸರಿಯಾಗಿ ಹತ್ತೂವರೆಗೆ! "ಎದುರುದಾರಳು ಮೂಢನಂಬಿಕೆಗೆ ಕಟ್ಟುಬಿದ್ದು ನ್ಯಾಯಾಲಯದ ಆದೇಶವನ್ನು ರಾಹುಕಾಲಕ್ಕೆ ಅಧೀನಗೊಳಿಸಿರುತ್ತಾಳೆ" ಎಂದು ಟೈಪು ಮಾಡಿ, ಆ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ನ್ಯಾಯಾಲಯದ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಶಿರಸ್ತೇದಾರರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ವಕೀಲರು ಎಲ್ಲಿ?"

"ಇಲ್ಲ ಸರ್. ನಾನೇ."

"ಪಾರ್ಟಿ ಇನ್ ಪರ್ಸನ್ನು." ಪಕ್ಕದ ಮೇಜಿನವರಿಗೆ ಹೇಳಿದರು, ಹವಾಮಾನ ವರದಿ ಹೇಳುವಂತೆ. "ಏನ್ ಓದಿದೀರಾ?"

"ಎಂ.ಎಸ್ಸಿ."

"ಅದಕ್ಕೇ ಮತ್ತೆ, ಒಂಬತ್ತು ಪೇಜು. ಪುಟಕ್ಕೆ ನಂಬರ್ ಹಾಕಿಲ್ಲ. ಅಫಿಡವಿಟ್ಟಿಗೆ ನೋಟರಿ ಸಹಿ ಇಲ್ಲ. ಯಾವ ಕಲಮಿನ ಕೆಳಗೆ ಅಂತ ತಲೇಲಿ ಬರೀಬೇಕು, ನೀವು ಬಾಲದಲ್ಲಿ ಬರ್ದಿದೀರಾ. ಹೋಗ್ ಬನ್ನಿ."

ಹೋಗಿ ಬಂದೆ. ಎರಡನೇ ಸಲ ಅಡ್ರೆಸ್ಸಿನಲ್ಲಿ ತಕರಾರು, ಮೂರನೇ ಸಲ ಶಿರಸ್ತೇದಾರರೇ ರಜೆ. ಇದೆಲ್ಲ ವಕೀಲರಿಲ್ಲದವನನ್ನು ದಣಿಸುವ ವ್ಯವಸ್ಥೆಯ ಭಾಗ ಎಂದು ನನಗೆ ಆಗ ಖಾತ್ರಿಯಿತ್ತು. ಈಗ ಯೋಚಿಸಿದರೆ, ಪುಟಕ್ಕೆ ನಂಬರ್ ಇರಲಿಲ್ಲ ಎಂಬುದಂತೂ ನಿಜ.

ಅರ್ಜಿ ದಾಖಲಾಗಿ ನೋಟಿಸು ಹೋಯಿತು. ಮುಂದಿನ ದಿನಾಂಕಕ್ಕೆ ಹೋದರೆ "ಮನೆ ಬೀಗ ಹಾಕಿದೆ" ಎಂಬ ಷರಾದೊಂದಿಗೆ ಅದು ವಾಪಸು ಬಂದಿತ್ತು. ದಿನವಿಡೀ ತೆರೆದಿರುವ ಅಂಗಡಿಯ ಮೇಲಿನ ಮನೆಗೆ ಬೀಗವೇ? ನೋಟಿಸು ಒಯ್ದ ಅಮೀನರನ್ನು ಅಜ್ಜ ಕಾಫಿ ಕುಡಿಸಿ ಕಳಿಸಿದ್ದಾರೆ ಎಂದು ತೀರ್ಮಾನಿಸಿದೆ. ಮರುನೋಟಿಸಿಗೆ ಶುಲ್ಕ ಕಟ್ಟಿ, ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಲು ಅನುಮತಿ ಕೇಳಿದೆ. ಅಂಚೆಯದು ಮೊದಲ ಯತ್ನಕ್ಕೇ ತಲುಪಿತು, ಅವಳದೇ ಸಹಿ. ಹಗಲು ಮನೆಯವರು ಕೆಲಸಕ್ಕೆ, ಅಂಗಡಿಗೆ ಇಳಿದ ಮೇಲೆ ಮೇಲಿನ ಬಾಗಿಲಿಗೆ ಬೀಗ ಬೀಳುತ್ತದೆ ಎಂಬುದು ನಾನು ಆ ಮನೆಯಲ್ಲಿ ಏಳು ವರ್ಷ ಅಳಿಯನಾಗಿ ಕಂಡ ವಿಷಯವೇ. ಅನುಮಾನದ ಭರದಲ್ಲಿ ಅದು ಹೊಳೆದಿರಲಿಲ್ಲ.

ವಿಚಾರಣೆಯ ದಿನ ಅಟೆಂಡರು ಬಾಗಿಲಲ್ಲಿ ನಿಂತು ನಮ್ಮ ಹೆಸರು ಕೂಗಿದರು. ಅವಳೂ ವಕೀಲರಿಲ್ಲದೆ ಬಂದಿದ್ದಳು. ಇದು ನನ್ನನ್ನು ಇನ್ನಷ್ಟು ಹೆದರಿಸಿತು. ಏನೂ ಗೊತ್ತಿಲ್ಲದೆ ಬಂದಳೇ, ಎಲ್ಲ ಗೊತ್ತಿದ್ದು ಬಂದಳೇ? ಅವಳ ಆಕ್ಷೇಪಣೆ ಒಂದೂವರೆ ಪುಟ, ಕೈಬರಹ. ನ್ಯಾಯಾಧೀಶೆ ಓದುತ್ತ ಓದುತ್ತ ಒಂದು ಕಡೆ ನಿಂತರು.

"ಈ ರಾಹುಕಾಲದ ಪ್ಯಾರಾ ನೀವೇ ಬರೆದದ್ದಾ?"

"ಹೌದು ಮೇಡಂ."

"ಅವರ ಉತ್ತರ ಓದ್ತೀನಿ ಕೇಳಿ. 'ನಮ್ಮದು ಲಿಂಗ ಕಟ್ಟಿದ ಮನೆ. ನಾವು ರಾಹುಕಾಲ, ಗುಳಿಕಕಾಲ ನೋಡುವವರಲ್ಲ. ನಮ್ಮ ತಂದೆ ಅಂಗಡಿ ತೆರೆದದ್ದು, ನನ್ನ ಮದುವೆಯ ಧಾರೆ ನಡೆದದ್ದು ಎರಡೂ ರಾಹುಕಾಲದಲ್ಲೇ. ಧಾರೆಗೆ ಅರ್ಜಿದಾರರು ಖುದ್ದಾಗಿ ಹಾಜರಿದ್ದರು.'"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮದುವೆಯ ಮುಹೂರ್ತದ ವಿಷಯಕ್ಕೆ ನನ್ನ ಕಡೆಯ ಒಬ್ಬರು ದೊಡ್ಡಪ್ಪ ಮುನಿಸಿಕೊಂಡು ಊಟ ಬಿಟ್ಟು ಎದ್ದು ಹೋಗಿದ್ದರು. ಅದು ನನಗೆ ಆ ಕ್ಷಣದಲ್ಲಿ ನೆನಪಾಯಿತು, ಒಂಬತ್ತು ಪುಟ ಬರೆಯುವಾಗ ಅಲ್ಲ. ಅವರ ಮನೆಯ ಪದ್ಧತಿಯನ್ನು ಹೋಟೆಲಿನ ಕ್ಯಾಲೆಂಡರಿನಲ್ಲಿ ಹುಡುಕಿದ್ದೆ.

ಆದರೆ ಆಕ್ಷೇಪಣೆಯ ಕೊನೆಯಲ್ಲಿ ಎರಡು ಸಾಲು ಇದ್ದವು. "ಮಗಳು ಅರ್ಜಿದಾರರ ಮನೆಯಲ್ಲಿ ರಾತ್ರಿ ತಂಗಲು ಇಷ್ಟಪಡುತ್ತಿಲ್ಲ. ತಡವಾಗುವ ಕಾರಣವನ್ನು ಅರ್ಜಿದಾರರಿಗೆ ಮೊದಲೇ ತಿಳಿಸಿರುತ್ತೇನೆ." ಯಾವ ಕಾರಣ? ಯಾವಾಗ? ಇದು ಶುದ್ಧ ಸುಳ್ಳು ಎಂದು ನಾನು ಎದ್ದು ನಿಂತೆ. ನ್ಯಾಯಾಧೀಶೆ ಕೈ ಎತ್ತಿ ನನ್ನನ್ನು ಕೂರಿಸಿ, ಇಬ್ಬರನ್ನೂ ಆಪ್ತಸಮಾಲೋಚಕರ ಬಳಿಗೆ ಕಳಿಸಿದರು.

ಆಪ್ತಸಮಾಲೋಚಕಿಯ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಫ್ಯಾನು, ಮೂಲೆಯಲ್ಲಿ ಮಕ್ಕಳಿಗೆಂದು ಇಟ್ಟ ಒಂದು ಮರದ ಕುದುರೆ. ಆಕೆ ಇಬ್ಬರ ಮಾತನ್ನೂ ಒಂದೇ ಬಗೆಯ ಮುಖ ಇಟ್ಟುಕೊಂಡು ಕೇಳಿದರು. ಅದೂ ನನಗೆ ಅನುಮಾನ ಹುಟ್ಟಿಸಿತು.

"ಏನು ಕಾರಣ ಹೇಳಿದ್ದೆ ನನಗೆ? ಯಾವಾಗ?" ಎಂದೆ.

"ಅಂಗಡಿ ಮುಂದೆ. ಮನೇಲಿ ಕಾರ್ಯ ಇದೆ ಅಂದ ದಿನ. ನೀನು ಹೂಂ ಅಂದು ಸ್ಕೂಟರ್ ಸ್ಟಾರ್ಟ್ ಮಾಡ್ದೆ."

"ಕಾರ್ಯ ಅಂದೆ. ಏನ್ ಕಾರ್ಯ ಅಂತ ಅಂದಿಲ್ಲ."

"ಅಂದೆ ಕಣೋ."

"ಈಗ ಹೇಳು ಹಾಗಾದ್ರೆ."

ಅವಳು ಆಪ್ತಸಮಾಲೋಚಕಿಯ ಕಡೆ ನೋಡಿದಳು. "ಈಗ ಆಗಲ್ಲ ಮೇಡಂ. ಆವತ್ತು ನಾನ್ ಹೇಳಾದ್ಮೇಲೆ ಮಗಳು ನನ್ ಹತ್ರ ಮಾತು ತಗೊಂಡಿದಾಳೆ, ಅಪ್ಪಂಗೆ ಹೇಳ್ಬೇಡ ಅಂತ. ಇವರು ಕೇಳೋದಿದ್ರೆ ಅವಳನ್ನೇ ಕೇಳ್ಲಿ."

ಆ ರಾತ್ರಿ ನಾನು ಏನೇನು ಊಹಿಸಿದೆನೋ ಬರೆಯಲಾರೆ. ಕಾಯಿಲೆ, ಅವಳಿಗೆ ಇನ್ನೊಂದು ಮದುವೆ, ಊರು ಬಿಡುವ ಯೋಚನೆ. "ಕಾರ್ಯ" ಎಂಬ ಒಂದೇ ಪದದಿಂದ ನಾನು ಮೂರು ಸಂಸಾರ ಕಟ್ಟಿ ಕೆಡವಿದೆ.

ಮುಂದಿನ ದಿನಾಂಕಕ್ಕೆ ಮಗಳನ್ನು ಕರೆತರಬೇಕೆಂದೂ ನ್ಯಾಯಾಧೀಶೆ ತಮ್ಮ ಕೊಠಡಿಯಲ್ಲಿ ಅವಳೊಂದಿಗೆ ಮಾತನಾಡುವರೆಂದೂ ಆದೇಶವಾಗಿತ್ತು. ಅವಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಸಲ್ಲಿಸಲು ನಾನು ಅನುಮತಿ ಕೇಳುವವನಿದ್ದೆ. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆದೆ. ಅಪ್ಪನ ಮನೆಯಲ್ಲಿ ತಿನ್ನಬೇಡ ಎಂದು ಯಾರು ಹೇಳಿಕೊಟ್ಟರು? ಬೇರೆ ಲೋಟದಲ್ಲಿ ಕುಡಿ ಎಂದವರು ಅಮ್ಮನೋ ಅಜ್ಜನೋ? ಬೇಗ ವಾಪಸು ಬಾ ಎಂದು ಯಾರು ಹೆದರಿಸುತ್ತಾರೆ?

ಅದೇ ಮೇಜಿನ ಮೇಲೆ ಆ ಬೆಳಗ್ಗೆ ನಾನೇ ತಿರಸ್ಕರಿಸಿದ ಒಂದು ಕಟ್ಟು ಸಮೀಕ್ಷೆ ಇತ್ತು. ತಿರಸ್ಕಾರಕ್ಕೆ ನಾನು ಕೊಟ್ಟ ಕಾರಣ: ಕೇಳಿದವನು ಪ್ರಶ್ನೆಯೊಳಗೇ ಉತ್ತರ ಇಟ್ಟಿದ್ದಾನೆ. "ನಿಮ್ಮ ಬೀದಿಗೆ ನೀರು ಸರಿಯಾಗಿ ಬರುವುದಿಲ್ಲ ಅಲ್ಲವೇ" ಎಂದು ಕೇಳಿ ಬರೆದುಕೊಂಡ ಉತ್ತರಗಳನ್ನು ನಾವು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಮರುಪರಿಶೀಲನೆಗೆ ಹೋಗುವವರಿಗೆ ನಾನೇ ಕಲಿಸುವ ಮೊದಲ ಪಾಠ ಅದು. ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನ ಪ್ರಶ್ನೆಗಳಲ್ಲಿ ಒಂದೂ ಉಳಿಯುವಂತಿರಲಿಲ್ಲ. ಅರ್ಜಿಯ ಒಂಬತ್ತು ಪುಟವೂ ಅಂಥದೇ ಒಂದು ಉದ್ದದ ಪ್ರಶ್ನೆಯಾಗಿತ್ತು.

ನನ್ನ ಅನುಮಾನ ಹೋಯಿತು ಎಂದು ಹೇಳುತ್ತಿಲ್ಲ. ಅವಳು ಏನೋ ಮುಚ್ಚಿಡುತ್ತಿದ್ದಾಳೆ ಎಂಬುದು ಆಗಲೂ ಖಚಿತವಿತ್ತು, ನಿಜವೂ ಆಗಿತ್ತು. ಆದರೆ ಹೀಗೆ ಕೇಳಿ ಪಡೆದ ಉತ್ತರವನ್ನು ನಾನೇ ನಂಬಲಾರೆ ಎಂಬುದು ಹೆಚ್ಚು ಖಚಿತವಿತ್ತು. ಮಾರನೆಯ ದಿನ ನ್ಯಾಯಾಲಯಕ್ಕೆ ಹೋಗಿ ಒಂದು ಮೆಮೊ ಸಲ್ಲಿಸಿದೆ: ವಿಳಂಬ, ಊಟ, ಲೋಟ, ರಾಹುಕಾಲದ ಪ್ಯಾರಾಗಳನ್ನು ಹಿಂತೆಗೆದುಕೊಳ್ಳುತ್ತೇನೆ, ಶಾಲೆಯ ಸಮಯ ಬದಲಾದ ಕಾರಣದ ಮೇಲೆ ಮಾತ್ರ ನನ್ನ ಕೋರಿಕೆ ನಿಲ್ಲಲಿ.

ಶಿರಸ್ತೇದಾರರು ಮೆಮೊ ತಿರುಗಿಸಿ ನೋಡಿದರು. "ಅರ್ಧ ಪೇಜು. ಯಾರ್ ಬರ್ಕೊಟ್ರು?"

"ನಾನೇ ಸರ್."

"ಇದನ್ನೇ ಮೊದಲು ಬರ್ದಿದ್ರೆ ನನ್ ಸೀಲು ಸವೀತಿರ್ಲಿಲ್ಲ."

ನಿಗದಿಯಾದ ದಿನ ಮಗಳು ಶಾಲೆಯ ಬ್ಯಾಗು ಹಾಕಿಕೊಂಡೇ ಬಂದಳು. ನ್ಯಾಯಾಧೀಶೆ ಕರೆಯುವ ಮೊದಲು ಆಪ್ತಸಮಾಲೋಚಕಿಯ ಕೋಣೆಯಲ್ಲಿ ನನಗೂ ಅವಳಿಗೂ ಸ್ವಲ್ಪ ಹೊತ್ತು ಕೊಟ್ಟರು. ಅವಳ ತಾಯಿ ಹೊರಗೆ ಬೆಂಚಿನಲ್ಲಿ. ಮಗಳು ಮರದ ಕುದುರೆಯ ಮೇಲೆ ಕೂತಳು, ಮಂಡಿ ಕಿವಿಗೆ ತಾಗುವಂತೆ. ನಾನು ಒಂದೇ ಪ್ರಶ್ನೆ ಸಿದ್ಧಮಾಡಿಕೊಂಡಿದ್ದೆ.

"ಶನಿವಾರ ಬೆಳಗ್ಗೆ ಎದ್ದಮೇಲೆ ಏನೇನ್ ಮಾಡ್ತೀಯ?"

"ಹಲ್ಲುಜ್ತೀನಿ."

"ಆಮೇಲೆ?"

"ಸ್ನಾನ." ಕುದುರೆಯ ಕಿವಿ ತಿರುಚಿದಳು. "ನೀನು ನಗಬಾರ್ದು."

"ನಗಲ್ಲ."

"ಪ್ರಾಮಿಸ್ ಮಾಡು. ಮುಖದಲ್ಲೂ ನಗಬಾರ್ದು. ನೀನು ಬಾಯಲ್ಲಿ ನಗಲ್ಲ, ಹಿಂಗ್ ನಗ್ತೀಯ." ಒಂದು ಹುಬ್ಬು ಎತ್ತಿ ತೋರಿಸಿದಳು. ನನ್ನ ಮುಖ ಅಷ್ಟು ಕೆಟ್ಟದಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಮಾಡ್ದೆ."

"ಅಜ್ಜನ ಜೊತೆ ಪೂಜೆ ಮಾಡ್ತೀನಿ. ನಂಗೆ ದೀಕ್ಷೆ ಆಗಿದೆಯಲ್ಲ. ಸ್ವಾಮಿಗಳು ಬಂದು ಲಿಂಗ ಕೊಟ್ರು. ಅಂಗೈ ಮೇಲೆ ಇಟ್ಕೊಂಡು, ನೀರು ಹಾಕಿ, ವಿಭೂತಿ ಹಚ್ಚಿ, ಸುಮ್ನೆ ನೋಡ್ಬೇಕು. ಅದಾಗೋವರೆಗೂ ತಿನ್ನಂಗಿಲ್ಲ, ಆಮೇಲೆ ಅಜ್ಜನ್ ಜೊತೆನೇ ತಿಂಡಿ. ಸ್ಕೂಲ್ ಇಲ್ದಿದ್ದಾಗ ಶನಿವಾರ ಅಜ್ಜಂದು ನಿಧಾನ, ಜಾಸ್ತಿ ಹೊತ್ತು ಮಾಡ್ತಿದ್ರು. ಸಂಜೆನೂ ಮಾಡ್ಬೇಕು, ದೀಪ ಹಚ್ಚೋ ಹೊತ್ತಿಗೆ. ಅದಕ್ಕೇ ಟ್ರಾಫಿಕ್ ಅನ್ನೋದು."

ಮನೆಯಲ್ಲಿ ಕಾರ್ಯ. ಅಂಗಡಿಯ ಮುಂದಿನ ವಾಕ್ಯದ ಮುಂದಿನ ಭಾಗ ಇದೇ ಇರಬೇಕಿತ್ತು: ಮಗಳಿಗೆ ದೀಕ್ಷೆ.

"ನಂಗ್ಯಾಕ್ ಹೇಳ್ಲಿಲ್ಲ ಪುಟ್ಟಿ?"

"ನೀನು ಎಲ್ಲಾ ಬೊಗಳೆ ಅಂತೀಯಲ್ಲ. ಟಿವಿಲಿ ಜ್ಯೋತಿಷ್ಯದವರು ಬಂದಾಗ ಅಂದೆ. ಎದುರುಮನೆ ಆಂಟಿ ಹೋಮ ಮಾಡಿಸ್ದಾಗ ಅಂದೆ. ಇದಕ್ಕೂ ಅಂದ್ಬಿಟ್ರೆ?" ಅವಳ ದನಿ ಸಣ್ಣದಾಯಿತು. "ಅಜ್ಜನ್ ಜೊತೆ ಕೂತಾಗ ನಂಗೆ ಇಷ್ಟ ಆಗತ್ತೆ. ಎಲ್ಲಾ ಸೈಲೆಂಟ್ ಇರತ್ತೆ. ನೀನ್ ಅಂದ್ಬಿಟ್ರೆ ಆಮೇಲೆ ಮಾಡೋವಾಗೆಲ್ಲ ಅದೇ ನೆನಪಾಗತ್ತೆ."

ನೆನಪಿನ ಬಗ್ಗೆ ನಾನು ಓದಿದ ಎಲ್ಲ ಪುಸ್ತಕಗಳಲ್ಲೂ ಇರುವ ವಿಷಯ ಅದು. ಇಷ್ಟು ಸರಳವಾಗಿ ಹೇಳಿದ್ದನ್ನು ನಾನು ಓದಿರಲಿಲ್ಲ.

"ಮತ್ತೆ ರಾತ್ರಿ ಉಳ್ಕೊಳೋದು ಬೇಡ ಅಂದಿದ್ದು?"

"ಬೆಳಗ್ಗೆ ಎಲ್ಲಿ ಮಾಡ್ಲಿ? ಬಾತ್ರೂಮಲ್ಲಾ?" ಎಂದವಳೇ ಬ್ಯಾಗಿನ ಜಿಪ್ಪು ಎಳೆದು ಬಟ್ಟೆಯ ಗಂಟು ತೆಗೆದಳು. ಒಳಗೆ ಆ ಲೋಟ, ಪಕ್ಕದಲ್ಲಿ ಒಂದು ಪುಟ್ಟ ಬೆಳ್ಳಿಯ ಕರಡಿಗೆ. ಲಿಂಗ ಅದರೊಳಗಿತ್ತು. "ಲಿಂಗ ಕೊರಳಲ್ಲಿದ್ರೆ ನಿಂಗ್ ಕಾಣತ್ತಲ್ಲ. ಲೋಟನೂ ಪ್ರತೀ ಸಲ ತರ್ತೀನಿ. ನಿನ್ ಮನೇಲಿ ಮಾಡೋ ಹಂಗಾದ್ರೆ ನೀರಿಗೆ ಬೇಕಲ್ಲ ಅಂತ. ಆಗ್ಲೇ ಇಲ್ಲ. ಬಾಯಾರಿದಾಗ ಅದ್ರಲ್ಲೇ ಕುಡ್ಕೊಂಡು ವಾಪಸ್ ತಗೊಂಡ್ ಹೋಗ್ತೀನಿ."

ಅಷ್ಟರಲ್ಲಿ ಅಟೆಂಡರು ಬಾಗಿಲು ತಟ್ಟಿದರು. ಮಗಳು ಗಂಟನ್ನು ಬ್ಯಾಗಿಗೆ ಸೇರಿಸಿ ನ್ಯಾಯಾಧೀಶೆಯ ಕೊಠಡಿಗೆ ಒಬ್ಬಳೇ ಹೋದಳು. ಒಳಗೆ ಏನು ಮಾತಾಯಿತು ನನಗೆ ಗೊತ್ತಿಲ್ಲ. ಕೇಳಿಲ್ಲ. ಬಾಗಿಲ ಹೊರಗೆ ನಾನೂ ಅವಳ ತಾಯಿಯೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು.

"ನೀನು ನಿಜವಾಗಿ ಹೇಳಿದ್ಯಾ ಆವತ್ತು? ದೀಕ್ಷೆ ಅಂತ?"

"ಹೇಳ್ದೆ ಅಂತಲೇ ನನಗೆ ನೆನಪು. ಟೆಂಪೊ ಬರ್ತಿತ್ತು, ಜೋರಾಗ್ ಹೇಳ್ದೆ" ಎಂದಳು.

ಟೆಂಪೊ ಅವಳ ನೆನಪಿನಲ್ಲೂ ಇತ್ತು. ಇದರಿಂದ ಏನು ಸಾಬೀತಾಯಿತು? ಟೆಂಪೊ ಇತ್ತು ಎಂಬುದು. ಅಥವಾ ಆಪ್ತಸಮಾಲೋಚಕಿಯ ಮುಂದೆ ನಾನೇ ಟೆಂಪೊದ ಮಾತೆತ್ತಿದ್ದೆನೇನೋ. ಬಿಟ್ಟುಬಿಟ್ಟೆ.

ಜಂಟಿ ಮೆಮೊ ಆ ದಿನವೇ ತಯಾರಾಯಿತು. ಎರಡನೇ ಮತ್ತು ನಾಲ್ಕನೇ ಶನಿವಾರ ಸಂಜೆ, ಅಜ್ಜನ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಕರೆದೊಯ್ಯುವುದು. ಭಾನುವಾರ ಸಂಜೆ ದೀಪ ಹಚ್ಚುವ ಮೊದಲು ತಂದು ಬಿಡುವುದು. ಹೀಗೆ ಬರೆದರೆ ಆದೇಶದಲ್ಲಿ ನಿಲ್ಲುವುದಿಲ್ಲ, ಗಂಟೆ ಹಾಕಿ ಎಂದರು ಆಪ್ತಸಮಾಲೋಚಕಿ. ಏಳು ಎಂದೂ ಆರು ಎಂದೂ ಹಾಕಿದೆವು. "ಅರ್ಜಿದಾರರು ಮಗುವಿನ ಪೂಜೆಗೆ ಅನುಕೂಲ ಕಲ್ಪಿಸತಕ್ಕದ್ದು" ಎಂಬ ಸಾಲನ್ನು ಅವಳು ಕೇಳಿದಳು. ನನ್ನ ಒಳಗಿನ ಮನುಷ್ಯ ತಕ್ಷಣ ಎದ್ದ. ಅನುಕೂಲ ಎಂದರೇನು? ನಾಳೆ ಇದೇ ಸಾಲನ್ನು ಹಿಡಿದು ಶನಿವಾರಗಳನ್ನು ಕಿತ್ತುಕೊಂಡರೆ? "ಅನುಕೂಲ ಅಂತ ಬೇಡ" ಎಂದೆ. ಅವಳ ಮುಖ ಬಿಗಿಯಾಯಿತು. "ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರದ ಜಾಗ ಅಂತ ಬರೀರಿ. ಅಲ್ಲಿ ಬೆಳಕು ಚೆನ್ನಾಗಿದೆ" ಎಂದು ಆಪ್ತಸಮಾಲೋಚಕಿಗೆ ಹೇಳಿದೆ.

ನ್ಯಾಯಾಧೀಶೆ ಅದನ್ನು ಓದಿ, "ಕಿಟಕಿಯನ್ನೂ ಆದೇಶದಲ್ಲಿ ಸೇರಿಸ್ಬೇಕಾ?" ಎಂದರು.

"ಸೇರಿಸಿದರೆ ಒಳ್ಳೇದು ಮೇಡಂ."

ಸೇರಿಸಿದರು.

ಹೊಸ ಆದೇಶದಂತೆ ಮೊದಲ ಸಲ ಶನಿವಾರ ಸಂಜೆ ಮಗಳನ್ನು ಕರೆತರಲು ಹೋದಾಗ ಅಜ್ಜ ಎಂದಿನಂತೆ ಸ್ಟೂಲು ತೋರಿಸಿದರು. ಆಮೇಲೆ ಗಿರಾಕಿ ಇಲ್ಲದಿದ್ದರೂ ಬೇರೆ ಕಡೆ ನೋಡುತ್ತ, "ಬೆಳಗ್ಗೆ ಅವ್ಳನ್ನ ಅವಸರ ಮಾಡ್ಬೇಡಿ" ಎಂದರು. ಅಷ್ಟೇ ಮಾತು. ಅದು ಬೇಡಿಕೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ಭಾನುವಾರ ಬೆಳಗ್ಗೆ ನನ್ನ ತಾಯಿ ಕಿಟಕಿಯ ಕೆಳಗೆ ನೆಲ ಒರೆಸಿ ಚಾಪೆ ಹಾಸಿದರು. ಹಿಂದಿನ ದಿನ ತಂದಿದ್ದ ಮೊಟ್ಟೆಯನ್ನೆಲ್ಲ ಎದುರುಮನೆಗೆ ದಾಟಿಸಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಏ, ಒರಗೋಗೋ. ಮೊಗ ನಾಚ್ಕತದೆ."

"ನಾನೇನ್ ಮಾಡ್ದೆ?"

"ಏನೂ ಮಾಡ್ಬೇಡ ಅಂತ್ಲೇ ಏಳ್ತಿರೋದು."

ವರಾಂಡದಲ್ಲಿ ಕೂತು ಪೇಪರು ಹಿಡಿದುಕೊಂಡೆ. ಒಳಗೆ ಸದ್ದಿಲ್ಲ. ನನಗೆ ನಂಬಿಕೆ ಬರಲಿಲ್ಲ, ಬರುವುದೂ ಇಲ್ಲ. ಆದರೆ ಹುಬ್ಬು ಎಲ್ಲಿದೆ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ. ಬಹಳ ಹೊತ್ತಿನ ಮೇಲೆ ತವಾ ಕಾದ ವಾಸನೆ ಬಂತು, ಆಮೇಲೆ ರೊಟ್ಟಿ ತಟ್ಟುವ ಸದ್ದು, ಆಮೇಲೆ "ಅಜ್ಜಿ, ಇನ್ನೊಂದು" ಎಂಬ ಮಾತು.

ನಾನು ಒಳಗೆ ಹೋದಾಗ ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಇಷ್ಟು ದಿನ ಅದನ್ನು ದೂರದಿಂದಲೇ ನೋಡಿದ್ದೆ, ಒಮ್ಮೆಯೂ ಮುಟ್ಟಿರಲಿಲ್ಲ. ಅಜ್ಜನ ಅಂಗಡಿಯ ಮಾಲು ಎಂದು ಪ್ರಮಾಣ ಮಾಡಿ ಬರೆದಿದ್ದೆ. ಹಿಂತೆಗೆದುಕೊಂಡ ಮಾತನ್ನು ಯಾರೂ ಪರಿಶೀಲಿಸುವುದಿಲ್ಲ. ನಾನು ಎತ್ತಿ ಬೆಳಕಿಗೆ ಹಿಡಿದೆ. ಅಂಚಿನ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳಿದ್ದವು. ಏನೋ ಕಮ್ಮಿಯಿದೆ ಎಂದು ತಾಯಿ ಗೊಣಗುತ್ತಿದ್ದ ಅದೇ ಬುಟ್ಟಿಯಿಂದ ನಮ್ಮ ಲೋಟವೊಂದನ್ನು ತೆಗೆದು ಪಕ್ಕದಲ್ಲಿಟ್ಟೆ. ಅದೇ ಕೈ, ಅದೇ ಅಕ್ಷರ. ಎರಡರ ಮೇಲೂ ಇದ್ದದ್ದು ನನ್ನ ತಾಯಿಯ ಹೆಸರು.